ಮೈದಾನದ ಕಡೆಗೆ ತೆರೆಯುವ ಗೇಟು

೧೯೯೬ರಲ್ಲಿ, ಎಂಟನೇ ಕ್ಲಾಸಿನ ನಡುವಿನಲ್ಲಿ, ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಹಾಗೆಯೇ ಅಂದುಕೊಳ್ಳುತ್ತಾರೆ. ನಮ್ಮ ಶಾಲೆಯ ಕಿಟಕಿಯಿಂದ ಮೀನುಗಾರಿಕೆ ಬೋಟು ಕಟ್ಟುವ ಯಾರ್ಡು ಕಾಣುತ್ತಿತ್ತು. ಅಲ್ಲಿ ವೆಲ್ಡಿಂಗಿನ ನೀಲಿ ಬೆಳಕು ಹೊತ್ತಿದರೆ ಕರಿಹಲಗೆಯ ಮೇಲಿನ ಅಕ್ಷರಗಳೆಲ್ಲ ಕಣ್ಣಿನಿಂದ ಅಳಿಸಿಹೋಗುತ್ತಿದ್ದವು. ಒಂದು ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಮೇಲೆ ಆ ಬೆಳಕಿನ ಕಡೆಗೆ ನಡೆದುಕೊಂಡು ಹೋದೆ. ಕ್ಲಾಸಿಗೆ ತಿರುಗಿ ಬರಲಿಲ್ಲ.

ಬಹ್ರೈನಿಗೆ ಬಂದು ಇಪ್ಪತ್ತು ವರ್ಷ ಕಳೆಯಿತು. ಈಗ ನನ್ನದೇ ಒಂದು ಫ್ಯಾಬ್ರಿಕೇಷನ್ ಶೆಡ್ಡು ಇದೆ. ಗೇಟು, ಏಣಿ, ಕಂಬಿ, ನೆರಳು ಚಪ್ಪರದ ಕಂಬ, ಎಲ್ಲ ಮಾಡುತ್ತೇವೆ. ಮನಾಮಾದ ಹಳೆಯ ಪೇಟೆ, ಸೂಕಿನ ಗಲ್ಲಿಗಳಲ್ಲಿ ನಡೆಯುವಾಗ ಒಂದೊಂದು ಬಾಗಿಲ ಎದುರು ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಇದು ನಾನು ಹಾಕಿದ್ದು, ಇದೂ ನನ್ನದೇ. ಬೆರಳಿನಿಂದ ಜೋಡಣೆಯನ್ನು ಒಮ್ಮೆ ಸವರಿ ಮುಂದೆ ಹೋಗುತ್ತೇನೆ. ನಾನು ಹಾಕಿದ ವೆಲ್ಡು ಬಿಟ್ಟಿತು ಎಂದು ಇವತ್ತಿನವರೆಗೆ ಯಾರೂ ಫೋನು ಮಾಡಿಲ್ಲ.

ಚಳಿಗಾಲದ ಶುಕ್ರವಾರಗಳು ಇಲ್ಲಿ ಬೇರೆಯೇ ಒಂದು ಲೋಕ. ಬೇಸಗೆಯೆಲ್ಲ ಬಿಳಿಯಾಗಿ ಉರಿದ ಆಕಾಶ ಆಗ ಹಾಲಿಗೆ ಒಂದು ಹನಿ ಚಹಾ ಬಿದ್ದ ಬಣ್ಣಕ್ಕೆ ತಿರುಗುತ್ತದೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಧೂಳನ್ನು ನೆಲಕ್ಕೆ ಕೂರಿಸುತ್ತದೆ. ಅಂಥ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಈಸಾ ಟೌನಿನ ಹಿಂದಿನ ಮರಳು ಮೈದಾನದಲ್ಲಿ ನಮ್ಮವರ ಫುಟ್‌ಬಾಲ್. ಸಂಜೆಯ ಬಾಂಗಿನ ಮೊದಲು ಮುಗಿಯಬೇಕು, ಅದು ಜಾಗದ ಯಜಮಾನರಾದ ಅರಬಿ ಹಿರಿಯರ ಷರತ್ತು. ಒಂದು ಕಡೆ ಈಸಾ ಟೌನಿನವರು, ಕೆಂಪು. ಇನ್ನೊಂದು ಕಡೆ ಮನಾಮಾದ ಅಂಗಡಿ, ಹೋಟೆಲು, ಎ.ಸಿ. ಕೆಲಸದವರು, ಹಳದಿ. ಎರಡೂ ಕಡೆ ನಮ್ಮ ಕರಾವಳಿಯವರೇ ಹೆಚ್ಚು. ವಾರವಿಡೀ ಒಬ್ಬರಿಗೊಬ್ಬರು ಲಿಫ್ಟು ಕೊಟ್ಟು, ಊರಿನಿಂದ ಬಂದ ಉಪ್ಪಿನಕಾಯಿ ಹಂಚಿ ತಿನ್ನುವವರು. ಶುಕ್ರವಾರ ಮೂರರಿಂದ ನಾಲ್ಕೂವರೆಯವರೆಗೆ ಮಾತ್ರ ಹಗೆಗಳು.

ನನ್ನ ಹೆಂಡತಿಯ ತಮ್ಮ ಹಳದಿಯವನು. ಮೂವತ್ತರ ಹತ್ತಿರದ ಗಂಡಸು, ಕೋಲ್ಡ್ ಸ್ಟೋರೇಜ್ ರಿಪೇರಿಯಲ್ಲಿ ಅವನ ಕೈ ಬಲು ಚುರುಕು. ಆದರೆ ಅವನ ತಲೆ ಇದ್ದದ್ದು ಇಟಲಿಯಲ್ಲಿ. ಫೋನಿನಲ್ಲಿ ಇಟಲಿಯ ಆಟ ನೋಡುತ್ತಿದ್ದ ಎಂದರೆ ತಪ್ಪಾದೀತು. ಆಟವನ್ನು ಅವನು ನೋಡುತ್ತಲೇ ಇರಲಿಲ್ಲ. ಗೋಲಿನ ಹಿಂದೆ ಕೂರುವ ಜನರನ್ನು ನೋಡುತ್ತಿದ್ದ. ಅವರ ಡೋಲು, ಮನೆಯಷ್ಟು ಅಗಲದ ಬಾವುಟ, ಬಣ್ಣದ ಹೊಗೆ. ಅವರ ಮುಂದಾಳು ಬೇಲಿ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಕೈಯಲ್ಲಿ ದನಿ ಹೆಚ್ಚಿಸುವ ಭೋಂಪು ಹಿಡಿದು ಸಾವಿರಾರು ಜನರನ್ನು ಕೂಗಿಸುವುದು. ನನ್ನ ಭಾವಮೈದನೂ ಹಾಗೇ ನಿಲ್ಲಲು ಕಲಿತ.

"ಏ ತಮ್ಮಾ, ಬಾಲ್ ಆ ಕಡೆ ಉಂಟು, ನೀನು ಎಂತ ಈ ಕಡೆ ನೋಡುದು?" ಎಂದು ಅವನ ಅಕ್ಕ ಒಮ್ಮೆ ಕೇಳಿದ್ದಳು.

"ಗೋಲ್ ಆದ್ರೆ ನಿಮ್ಮ ಮುಖದಲ್ಲಿ ಗೊತ್ತಾಗ್ತದೆ ಅಕ್ಕ. ನಂಗೆ ಅದೇ ಸಾಕು."

ಆ ಉತ್ತರ ನನಗೂ ಹಿಡಿಸಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಒಂದು ಶುಕ್ರವಾರ ಬಾವುಟದ ಕೋಲುಗಳೇ ದೊಣ್ಣೆಗಳಾದವು. ಕೆಂಪಿನವನೊಬ್ಬನ ಹಣೆ ಒಡೆದು ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಬೇಕಾಯಿತು. ಪೊಲೀಸರು ಬಂದು ಎರಡೂ ಕಡೆಯ ಮುಂದಾಳುಗಳ ಸಿಪಿಆರ್ ಗುರುತಿನ ಕಾರ್ಡು ತೆಗೆದುಕೊಂಡು ನಂಬರು ಬರೆದುಕೊಂಡರು. ಇನ್ನೊಂದು ಸಲ ಜಗಳದಲ್ಲಿ ಇದೇ ನಂಬರು ಕಂಡರೆ ವೀಸಾ ರದ್ದು, ಊರಿಗೆ ವಾಪಸು. ನನ್ನ ಭಾವಮೈದ ಅಂದು ಯಾರಿಗೂ ಹೊಡೆದಿರಲಿಲ್ಲ. ಆದರೆ ಭೋಂಪು ಅವನ ಕೈಯಲ್ಲಿತ್ತು.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಆ ವಾರ ಮನೆಯಲ್ಲೂ ಬಟ್ಟೆ ಮಡಚುತ್ತಲೇ ಇದ್ದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ಇಲ್ಲಿ ನಂಗೆ ನನ್ನವ ಅಂತ ಇರುದು ಅವನೊಬ್ಬ. ನೀವು ಇಷ್ಟು ಗೇಟು ಮಾಡ್ತೀರಿ, ಅವನನ್ನು ಒಳಗೆ ಇಡುವ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ?" ಎಂದಳು.

ಅದೇ ಹೊತ್ತಿಗೆ ಶುಕ್ರವಾರದ ಆಟ ನಡೆಸುವ ನಮ್ಮ ಲೀಗಿನ ಸೆಕ್ರೆಟರಿಯೂ ಶೆಡ್ಡಿಗೆ ಬಂದರು. ಉಡುಪಿ ಕಡೆಯ ಕೊಂಕಣಿಯವರು, ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಾರೆ. ಮೈದಾನ ಉಳಿಯಬೇಕಾದರೆ ಎರಡು ಕಡೆಯವರನ್ನು ಕಂಬಿ ಹಾಕಿ ಬೇರೆ ಮಾಡಬೇಕು ಎಂದರು. ನಾನು ಬೇರೇನೂ ಕೇಳಲಿಲ್ಲ. ಎಷ್ಟು ಎತ್ತರ ಎಂದಷ್ಟೇ ಕೇಳಿದೆ.

ಆಗ ನಾನು ಒಂದು ಹೋಟೆಲಿನ ಲಾಬಿಯಲ್ಲಿ ಗೋಡೆಗೆ ಅಮೃತಶಿಲೆ ಕೂರಿಸುವ ಕಬ್ಬಿಣದ ಚೌಕಟ್ಟು ಮಾಡುತ್ತಿದ್ದೆ. ಕಲ್ಲು ಕೂರಿಸುವ ಮೇಸ್ತ್ರಿ ಇಟಲಿಯವರು. ಅರವತ್ತರ ಹತ್ತಿರ, ಎಡಗಿವಿ ಕೇಳಿಸದು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಕ್ಲಾಸಿನಲ್ಲಿ ಓದು ಬಿಟ್ಟದ್ದು, ಹಾಗಾಗಿ ನಮಗೆ ಚೆನ್ನಾಗಿ ಹೊಂದುತ್ತಿತ್ತು. ಮಧ್ಯೆ ಗಲ್ಫಿನ ಹಿಂದಿ. ಊಟದ ಹೊತ್ತಿಗೆ ಕಲ್ಲಿನ ಹಲಗೆಗಳ ನಡುವೆ ಕುಳಿತು ನಾನು ಬೇಲಿಯ ಚಿತ್ರ ಬರೆಯುವುದನ್ನು ಕಂಡು, "ಇದು ಏನು, ಕೋಳಿಗಾ?" ಎಂದರು.

"ಫುಟ್‌ಬಾಲ್ ನೋಡುವವರಿಗೆ," ಎಂದೆ.

ಅವರು ಬ್ರೆಡ್ಡನ್ನು ಪಕ್ಕಕ್ಕಿಟ್ಟರು. ಆ ದಿನ ಅವರು ಹೇಳಿದ್ದು ನನಗೆ ಕಥೆಯ ಹಾಗೆ ನೆನಪಿಲ್ಲ, ನಾನೇ ಕಂಡ ಕನಸಿನ ಹಾಗೆ ನೆನಪಿದೆ. ಒಂದು ದೊಡ್ಡ ಬಟ್ಟಲಿನಂಥ ಸ್ಟೇಡಿಯಂ, ಭಾನುವಾರ ಮಧ್ಯಾಹ್ನ, ನೇರಳೆ ಹೊಗೆ. ಹೊಗೆಯೊಳಗೆ ಅವರು, ಹತ್ತೊಂಬತ್ತು ವರ್ಷದವರು, ಬೇಲಿಗೆ ಜೋತುಬಿದ್ದು ಹಾಡುತ್ತಿದ್ದಾರೆ. ಹಾಡು ಮೈದಾನದ ಆ ತುದಿಗೆ ಹೋಗಿ, ಅಲ್ಲಿಂದ ಬೈಗುಳವಾಗಿ ಹಿಂದಿರುಗುತ್ತದೆ. ಅವರ ತಾಯಿ ಶನಿವಾರವೇ ತಂಡದ ಶಾಲನ್ನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿರುತ್ತಿದ್ದರಂತೆ. ಆಟದ ಮೊದಲು ಎದುರಾಳಿಗಳ ಬಸ್ಸಿಗೆ ಕಲ್ಲು, ಆಟದ ನಂತರ ಸ್ಟೇಷನ್ನಿನಲ್ಲಿ ಬೆಲ್ಟಿನ ಹೊಡೆತ. ಒಂದು ದಿನ ಕಾಗದದಲ್ಲಿ ಸುತ್ತಿದ ಪಟಾಕಿ ಅವರ ಪಕ್ಕದಲ್ಲೇ ಸಿಡಿದು ಎಡಗಿವಿ ಹೋಯಿತು.

"ಎಷ್ಟು ಗೋಲು ನೋಡಿದ್ದೀರಿ?" ಎಂದು ಕೇಳಿದೆ.

ಅವರು ಬೆರಳು ಮಡಚಿ ಎಣಿಸಿದರು. "ಗೋಲು ಕಡಿಮೆ. ಓಡುವವರ ಬೆನ್ನುಗಳು ಬಹಳ."

ಆಮೇಲೆ ಹೇಗೆ ನಿಂತಿತು ಎಂದೆ. ನಿಂತಿಲ್ಲ, ಕಡಿಮೆಯಾಗಿದೆ ಎಂದರು. ಟಿಕೆಟ್ಟಿನ ಮೇಲೆ ಕೊಂಡವನ ಹೆಸರು ಬಂತು. ಗಲಾಟೆ ಮಾಡಿದವರಿಗೆ ಸ್ಟೇಡಿಯಂ ಬಂದ್ ಆಯಿತು. ಬರೀ ಬಂದ್ ಅಲ್ಲ, ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕು. ಅವರೂ ಎರಡು ವರ್ಷ ಹಾಕಿದ್ದರು. ಠಾಣೆಯ ಕಿಟಕಿಯಿಂದ ಸ್ಟೇಡಿಯಮ್ಮಿನ ಗದ್ದಲ ಕೇಳುತ್ತಿತ್ತಂತೆ, ಸರಿಯಿದ್ದ ಒಂದೇ ಕಿವಿಗೆ. ಪೊಲೀಸಿನವ ರೇಡಿಯೋ ಸಣ್ಣಗೆ ಇಟ್ಟು ಸ್ಕೋರು ಹೇಳುತ್ತಿದ್ದನಂತೆ.

"ಬೇಲಿ?"

"ಬೇಲಿ ಬಂದ ಮೇಲೆ ನಾವು ಇನ್ನೂ ಕೆಟ್ಟೆವು. ಪಂಜರದಲ್ಲಿ ಹಾಕಿದರೆ ಹಾಗೇ ನಡೆದುಕೊಳ್ಳಬೇಕು ಅನ್ನಿಸುತ್ತದೆ." ನನ್ನ ಚಿತ್ರದ ಮೇಲೆ ಬೆರಳಿಟ್ಟರು. "ಈ ಗೇಟು ಯಾವ ಕಡೆ ತೆರೆಯುತ್ತದೆ?"

ನಾನು ನಕ್ಕೆ. ನಮ್ಮ ಕಡೆ ಬಾಗಿಲು ಒಳಕ್ಕೇ ತೆರೆಯುವುದು. ಮನೆಗೆ ಬರುವ ಒಳ್ಳೆಯದನ್ನು ಹೊರಕ್ಕೆ ತಳ್ಳಬಾರದು ಎಂದು ಹಿರಿಯರ ಲೆಕ್ಕ. ನಾನು ಇಷ್ಟು ವರ್ಷ ಮನೆಗೆ, ಗೋಡೌನಿಗೆ, ದೇವಸ್ಥಾನಕ್ಕೆ ಹಾಕಿದ ಗೇಟೆಲ್ಲ ಒಳಕ್ಕೇ. ಇದಕ್ಕೂ ಹಾಗೇ ಬರೆದಿದ್ದೆ: ಮೈದಾನದ ಕಡೆ ಚಿಲಕ, ಜನ ಕೂರುವ ಕಡೆಗೆ ತೆರೆಯುವುದು. ಅದನ್ನು ಅವರಿಗೆ ವಿವರಿಸುವಷ್ಟು ಇಂಗ್ಲಿಷು ಇರಲಿಲ್ಲ. ಇದ್ದಿದ್ದರೂ ವಿವರಿಸುತ್ತಿರಲಿಲ್ಲವೇನೋ.

"ಮೇಸ್ತ್ರಿ," ಎಂದೆ, "ಕಲ್ಲಿನ ವಿಷಯ ನೀವು ಹೇಳಿ, ನಾನು ಕೇಳುತ್ತೇನೆ. ಗೇಟು ಮಾತ್ರ ನನಗೆ ಬಿಡಿ."

ಅವರು ಬ್ರೆಡ್ಡು ಎತ್ತಿಕೊಂಡರು.

ಆ ಬೇಲಿಯನ್ನು ಎರಡು ವಾರ ಮಾಡಿದೆ. ಕೆಲಸಗಾರರಿಗೆ ಕೊಡದೆ ಮುಖ್ಯ ಜೋಡಣೆಗಳನ್ನೆಲ್ಲ ನಾನೇ ಹಾಕಿದೆ. ಪ್ರತಿ ಕಡೆ ಜನ ಕೂರುವ ಹಲಗೆ ಮೆಟ್ಟಿಲು ಸಾಲಿನ ಮುಂದೆ ಎಂಟಡಿ ಜಾಲರಿ, ಪಕ್ಕಗಳಲ್ಲೂ ಅದೇ, ಹಿಂದೆ ಒಬ್ಬೊಬ್ಬರೇ ಬರುವಷ್ಟು ದಾರಿ. ಮುಂದಿನ ಗೇಟಿಗೆ ನಾಲ್ಕು ತಿರುಗಣಿ ಕೀಲು. ಬಣ್ಣ ಒಣಗುವಾಗ ಸಂಜೆಯ ಬಿಸಿಲು ಜಾಲರಿಯಲ್ಲಿ ತೂರಿ ಮರಳಿನ ಮೇಲೆ ಸಣ್ಣಸಣ್ಣ ಚೌಕಗಳನ್ನು ಹಾಸಿತ್ತು. ಇಡೀ ಮೈದಾನವೇ ಒಂದು ದೊಡ್ಡ ಬಲೆಯೊಳಗೆ ತೇಲುತ್ತಿರುವ ಹಾಗೆ ಕಂಡಿತು. ನಾನು ಪಿಕಪ್ಪಿಗೆ ಒರಗಿ ಬೆಳಕು ಹೋಗುವವರೆಗೆ ನೋಡುತ್ತಾ ನಿಂತೆ.

ಮೊದಲ ಶುಕ್ರವಾರ ಭಾವಮೈದ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದ. "ಭಾವಾ, ಇದು ಥೇಟ್ ಇಟಲಿಯದ್ದೇ ಮಾರಾಯ್ರೆ! ನೀವು ನಂಗೆ ಜೈಲು ಮಾಡಿದ್ದಾ, ಸ್ಟೇಜ್ ಮಾಡಿದ್ದಾ?"

"ಬಾಯಿ ಮುಚ್ಚಿ ಆಟ ನೋಡು," ಎಂದೆ. "ಈ ಕಡೆ ತಿರುಗಿ ನೋಡು."

ಅವನು ನಕ್ಕು ಬೆನ್ನು ತಿರುಗಿಸಿದ.

ಆ ದಿನ ಸಮುದ್ರದ ಮಂಜು ಊರೊಳಗೆ ಬಂದಿತ್ತು. ಆ ಕಡೆಯ ಕೆಂಪು ಅಂಗಿಗಳು ನೀರಿನಡಿಯ ಹವಳದ ಹಾಗೆ ಮಸುಕಾಗಿ ಕಾಣುತ್ತಿದ್ದವು. ಡೋಲಿನ ಸದ್ದೂ ತೇವವಾಗಿ, ಸ್ವಲ್ಪ ತಡವಾಗಿ ಬಂದು ತಲುಪುತ್ತಿತ್ತು. ನಾನು ಮೈದಾನದ ಅಂಚಿನಲ್ಲಿ, ಗೇಟಿನ ಹೊರಗೆ, ಚಿಲಕದ ಪಕ್ಕ ನಿಂತಿದ್ದೆ. ಹೆಂಡತಿ ಪಿಕಪ್ಪಿನ ಸೀಟಿನಲ್ಲಿ ಕುಳಿತಿದ್ದಳು. ಒಳಗೆ ಇನ್ನೂರು ಮಂದಿ ಹಳದಿ ಇರಬಹುದು. ಬೈಗುಳಗಳು ಗಾಳಿಯಲ್ಲಿ ಹಾರಾಡುತ್ತಿದ್ದವು, ಆದರೆ ಒಂದು ಬಾಟಲಿಯೂ ಹಾರಲಿಲ್ಲ. ನನ್ನ ಬೇಲಿ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಭಾವಮೈದ ಒಬ್ಬ ಮೀನುದೋಣಿಯವನಿಂದ ಹೊಗೆಯ ಡಬ್ಬ ತಂದಿದ್ದನಂತೆ. ಸಮುದ್ರದಲ್ಲಿ ಅಪಾಯವಾದರೆ ಹೊತ್ತಿಸುವ ಕಿತ್ತಳೆ ಹೊಗೆ, ಹಳತಾಗಿ ಎಸೆಯಲು ಇಟ್ಟದ್ದು. ನನಗೆ ಗೊತ್ತಿರಲಿಲ್ಲ. ಹಳದಿಯವರು ಗೋಲು ಹೊಡೆದರು. ಅವನು ಜಾಲರಿಗೆ ಬೆನ್ನು ಕೊಟ್ಟು ಕೈ ಎತ್ತಿದ. ಮೇಲಿನ ಸಾಲಿನ ಗೆಳೆಯನೊಬ್ಬ ಡಬ್ಬ ಹೊತ್ತಿಸಿದ. ಅದು ಹೊಗೆಯ ಬದಲು ಮೊದಲು ಬೆಂಕಿ ಉಗುಳಿತು. ಆತ ಹೆದರಿ ಕೈಬಿಟ್ಟ. ಡಬ್ಬ ಮೆಟ್ಟಿಲಿನ ಹಲಗೆಗಳ ಕೆಳಗೆ, ಹಿಂದಿನ ದಾರಿಯ ಬಾಯಲ್ಲೇ, ಉರುಳಿಹೋಯಿತು. ಹಲಗೆಗಳ ಸಂದುಗಳಿಂದ ಕಿತ್ತಳೆ ಹೊಗೆ ನಿಧಾನವಾಗಿ ಮೇಲೆದ್ದಿತು. ಎಷ್ಟು ಚೆಂದವಿತ್ತೆಂದರೆ ನಾನು ಒಂದು ಕ್ಷಣ ಬಾಯಿ ತೆರೆದು ನೋಡಿದೆ. ಮಂಜಿನೊಳಗೆ ಮತ್ತೊಂದು ಸೂರ್ಯ ಹುಟ್ಟುತ್ತಿರುವ ಹಾಗೆ.

"ಬೆಂಕಿ!" ಎಂದು ಯಾರೋ ಕೂಗಿದರು.

ಇನ್ನೂರು ಜನ ಮುಂದಕ್ಕೆ ಬಂದರು. ಯಾರೂ ಯಾರಿಗೂ ಹೊಡೆಯಲಿಲ್ಲ. ಎಲ್ಲರಿಗೂ ಗೇಟು ಬೇಕಿತ್ತು, ಅಷ್ಟೆ. ನಾನು ಚಿಲಕ ಎಳೆದೆ. ಸಲೀಸಾಗಿ ಬಂತು. ಗೇಟನ್ನು ಒಳಕ್ಕೆ ತಳ್ಳಿದೆ. ಅಲುಗಲಿಲ್ಲ. ಒಳಗಿನವರ ಎದೆಗಳೆಲ್ಲ ಅದಕ್ಕೆ ಒತ್ತಿಕೊಂಡಿದ್ದವು. ಅವರು ಹೊರಕ್ಕೆ ಒತ್ತಿದಷ್ಟೂ ಅದು ಚಿಲಕದ ಕಡೆಯ ಚೌಕಟ್ಟಿಗೆ ಬಿಗಿಯಾಗಿ ಕೂರುತ್ತಿತ್ತು. ಇಟಲಿಯವರು ಬೆರಳಿಟ್ಟ ಜಾಗ ಅದೇ. ನನ್ನ ಎದುರಿಗೇ, ಒಂದು ಗೇಣು ದೂರದಲ್ಲಿ, ಭಾವಮೈದನ ಬೆನ್ನು. ಅವನು ತಲೆ ಹೊರಳಿಸಿದಾಗ ಕೆನ್ನೆಯಲ್ಲಿ ಜಾಲರಿಯ ಚೌಕಗಳು ಅಚ್ಚೊತ್ತಿದ್ದವು.

"ಭಾವಾ... ಉಸಿರು..."

"ಹಿಂದೆ ಹೋಗಿ! ಹಿಂದೆ ಹೋಗಿ ಮಾರಾಯ್ರೇ!" ಎಂದು ಕಿರುಚಿದೆ. ಹಿಂದಿನವರಿಗೆ ಕೇಳುವುದು ಹೇಗೆ?

ಪಿಕಪ್ಪಿನಲ್ಲಿ ಕಬ್ಬಿಣ ಕೊಯ್ಯುವ ಬ್ಯಾಟರಿ ಗ್ರೈಂಡರು ಇತ್ತು. ನಾನು ಓಡಿಹೋಗುವ ಮೊದಲೇ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಓಡಿಬರುತ್ತಿದ್ದಳು. ಚಪ್ಪಲಿ ಮರಳಿನಲ್ಲೇ ಉಳಿದಿತ್ತು.

ನಾಲ್ಕು ತಿರುಗಣಿ. ನನ್ನ ಕೈಯ ಕೆಲಸ ನನ್ನ ಬ್ಲೇಡಿಗೆ ಅಷ್ಟು ಬೇಗ ಬಗ್ಗಲಿಲ್ಲ. ಕೆಳಗಿನದು ಹೋಯಿತು, ಎರಡನೆಯದು ಹೋಯಿತು. ಕಿಡಿಗಳು ಕಿತ್ತಳೆ ಹೊಗೆಯೊಳಗೆ ನುಗ್ಗಿ ಕರಗುತ್ತಿದ್ದವು. ಶಾಲೆಯ ಕಿಟಕಿ ಬಿಟ್ಟ ಮೇಲೆ ಮೊದಲ ಸಲ ನಾನು ಇಷ್ಟು ಚೆನ್ನಾಗಿ ಕೆಲಸ ಕಲಿಯಬಾರದಿತ್ತು ಅನ್ನಿಸಿತು. ಮೂರನೆಯದು ಹೋಗುತ್ತಲೇ ನಾಲ್ಕನೆಯದು ತಾನೇ ಹರಿದು ಗೇಟು ನನ್ನ ಮೇಲೆ ವಾಲಿತು. ನಾನು ಪಕ್ಕಕ್ಕೆ ಬಿದ್ದೆ. ಜನ ನೀರಿನ ಹಾಗೆ ಮೈದಾನಕ್ಕೆ ಹರಿದರು. ಆ ಕಡೆಯ ಬೇಲಿಯ ಹಿಂದೆ ಕೆಂಪಿನವರು ಕೂಗು ನಿಲ್ಲಿಸಿ ಎದ್ದು ನಿಂತಿದ್ದರು. ಅವರಲ್ಲಿ ಕೆಲವರು ತಮ್ಮ ಹಿಂದಿನ ದಾರಿಯಿಂದ ಸುತ್ತಿಕೊಂಡು ನೀರಿನ ಕ್ಯಾನು ಹೊತ್ತು ಓಡಿ ಬಂದರು. ಹಣೆಗೆ ಹೊಲಿಗೆ ಹಾಕಿಸಿಕೊಂಡವನೂ ಅವರಲ್ಲಿದ್ದ. ಅವನೇ ನನ್ನ ಭಾವಮೈದನ ಅಂಗಿಯ ಗುಂಡಿ ಬಿಚ್ಚಿ ಗಾಳಿ ಬೀಸಿದ.

"ಏ ಹಳದಿ, ಕಣ್ಣು ಬಿಡು ಮಾರಾಯ. ನಿನ್ನ ಜೊತೆ ನಂದೊಂದು ಲೆಕ್ಕ ಬಾಕಿ ಉಂಟು."

ಕಣ್ಣು ಬಿಟ್ಟ.

ಆಸ್ಪತ್ರೆಯಲ್ಲಿ ಹೆಗಲ ಮುಂದಿನ ಎಲುಬು ಮುರಿದಿದೆ, ಬೇರೇನೂ ಇಲ್ಲ ಎಂದರು. ಉಳಿದವರಿಗೆ ತರಚು, ಉಬ್ಬಸ. ಕಾರಿಡಾರಿನ ಬೆಂಚಿನಲ್ಲಿ ಹೆಂಡತಿ ಬರಿಗಾಲಲ್ಲಿ ಕುಳಿತಿದ್ದಳು. ಅಲ್ಲಿಗೆ ಪೊಲೀಸ್ ಅಧಿಕಾರಿ ಬಂದರು, ಸೆಕ್ರೆಟರಿಯವರ ಜೊತೆ. ಭಾವಮೈದನ ಕಾರ್ಡು ನೋಡಿದರು, ಹಳೆಯ ನಂಬರು ಅವರ ಫೋನಿನಲ್ಲಿತ್ತು. ಉರ್ದುವಿನಲ್ಲಿ ಒಂದೇ ಮಾತು ಕೇಳಿದರು: ಜಗಳವೇ?

ಸೆಕ್ರೆಟರಿ ನನ್ನ ಮುಖ ನೋಡಿದರು. ನನಗೆ ಗೊತ್ತಿತ್ತು, ಈಗ ಹೊಗೆಯ ಡಬ್ಬದ ಮಾತು ಮಾತ್ರ ಎತ್ತಿದರೆ ನನ್ನ ಗೇಟಿನ ಹೆಸರು ಎಲ್ಲೂ ಬರುವುದಿಲ್ಲ. ಹುಡುಗಾಟಕ್ಕೆ ಬೆಂಕಿ ಹಚ್ಚಿದರು, ಜನ ನುಗ್ಗಿದರು, ಇಷ್ಟೇ ಆಗಿ ಮುಗಿಯುತ್ತದೆ. ಅವನು ವಿಮಾನ ಹತ್ತುತ್ತಾನೆ.

"ಜಗಳ ಅಲ್ಲ ಸಾಬ್. ಹೊಗೆಗೆ ಹೆದರಿದರು. ಹೊಗೆಯಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಗೇಟು ತಪ್ಪು ಕಡೆಗೆ ತೆರೆಯುತ್ತಿತ್ತು. ಮಾಡಿದವನು ನಾನು. ಹೇಳಿದವರೊಬ್ಬರಿದ್ದರು, ನಾನು ಕೇಳಲಿಲ್ಲ."

ಸೆಕ್ರೆಟರಿ ಮೆಲ್ಲಗೆ, "ಡಬ್ಬ ತಂದದ್ದು ಯಾರು ಅಂತ ಅವರು ಕೇಳ್ತಾರೆ ಅಲ್ವಾ?" ಎಂದರು.

"ನಾನು ತಂದದ್ದು," ಎಂದು ಬಾಗಿಲ ಆಚೆಯ ಮಂಚದ ಮೇಲಿನಿಂದ ಭಾವಮೈದನ ದನಿ ಬಂತು. "ಭಾವ, ಎಲ್ಲ ನಿಮ್ಮ ತಲೆಗೇ ಹಾಕಿಕೊಳ್ಬೇಡಿ. ನಂಗೂ ಸ್ವಲ್ಪ ಬಿಡಿ."

ಅಧಿಕಾರಿ ಇಬ್ಬರದ್ದೂ ಬರೆದುಕೊಂಡರು. ಮರುದಿನ ಬಂದು ಬಿದ್ದ ಗೇಟನ್ನು ತಾವೇ ಎತ್ತಿಸಿ, ತಿರುಗಿಸಿ ನೋಡಿದರು. ಅವರ ಕಾಗದದಲ್ಲಿ ಜಗಳ ಎಂಬ ಮಾತು ಬರಲಿಲ್ಲ. ಡಬ್ಬಕ್ಕಾಗಿ ಭಾವಮೈದನಿಗೆ, ಗೇಟಿಗಾಗಿ ನನಗೆ, ಠಾಣೆಯಲ್ಲಿ ಕೂರಿಸಿ ಬಿಸಿ ಮುಟ್ಟುವ ಹಾಗೆ ಹೇಳಿದರು. ವೀಸಾ ಉಳಿಯಿತು.

ಅಮೃತಶಿಲೆಯ ಮೇಸ್ತ್ರಿಗೆ ನಾನೇ ಹೋಗಿ ಹೇಳಿದೆ. ಅವರು ನಗಲಿಲ್ಲ. ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟರು. ಆ ಮಧ್ಯಾಹ್ನ ನಾವಿಬ್ಬರೂ ಒಂದು ಕಲ್ಲಿನ ಹಲಗೆಯ ಹಿಂಬದಿಯ ಮೇಲೆ ಹೊಸ ಚಿತ್ರ ಬರೆದೆವು. ಎಂಟಡಿ ಜಾಲರಿ ತೆಗೆದು ಸೊಂಟದೆತ್ತರದ ಪೈಪಿನ ಕಂಬಿ. ಪ್ರತಿ ಕಡೆಗೆ ನಾಲ್ಕು ಗೇಟು, ಚಿಲಕವಿಲ್ಲದ್ದು, ಒಂದು ಬೆರಳಿನಿಂದ ನೂಕಿದರೆ ಮೈದಾನದ ಕಡೆಗೆ ತೆರೆಯುವುದು. ಹಿಂದಿನ ದಾರಿ ಮೂರು ಪಟ್ಟು ಅಗಲ. ಇನ್ನೊಂದು ಮಾತು ಚಿತ್ರದಲ್ಲಿ ಬರೆಯುವಂಥದ್ದಲ್ಲ: ಪ್ರತಿ ಸಾಲಿಗೆ ಒಬ್ಬ ಹಿರಿಯ, ಆ ಸಾಲಿನ ಎಲ್ಲರ ಹೆಸರು, ಕೆಲಸ, ರೂಮು ಗೊತ್ತಿರುವವನು. ಹಣೆ ಒಡೆದ ದಿನ ನಾನು ಗಮನಿಸಿದ್ದೆ, ಬೈಯುವಾಗ ಎಲ್ಲರೂ "ಏ ಕೆಂಪು", "ಏ ಹಳದಿ" ಎಂದೇ ಬೈದದ್ದು. ಹೆಸರು ಹಿಡಿದು ಕರೆಸಿಕೊಂಡವನ ಕೈಯಿಂದ ಕೋಲು ಇಳಿದದ್ದನ್ನೂ ಕಂಡಿದ್ದೆ.

ಜಾಗದ ಯಜಮಾನರು ಬಂದು ಪ್ರತಿಯೊಂದು ಗೇಟನ್ನೂ ಊರುಗೋಲಿನ ತುದಿಯಿಂದ ನೂಕಿ ನೋಡಿ ತಲೆಯಾಡಿಸಿದರು.

ಭಾವಮೈದನಿಗೆ ಲೀಗು ಒಂದು ಸೀಸನ್ ಮೈದಾನ ಬಂದ್ ಮಾಡಿತು. ಆಟ ಶುರುವಾಗುವ ಹೊತ್ತಿಗೆ ಎಲ್ಲಿ ಸಹಿ ಹಾಕುವುದು ಎಂಬ ಚರ್ಚೆ ಬಂತು. ಪೊಲೀಸರಿಗೆ ಬೇರೆ ಕೆಲಸವಿದೆ. ಕೊನೆಗೆ ಸೆಕ್ರೆಟರಿ, "ಅಕ್ಕನ ಎದುರು ಹಾಕಲಿ. ಠಾಣೆಗಿಂತ ಅದೇ ಸ್ಟ್ರಾಂಗ್," ಎಂದರು. ಹಾಗೆ ಶುಕ್ರವಾರ ಮೂರಕ್ಕೆ ಸರಿಯಾಗಿ ನಮ್ಮ ಅಡುಗೆಮನೆಯ ಮೇಜಿನಲ್ಲಿ ಒಂದು ನೋಟ್‌ಬುಕ್ಕು. ಅವನು ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುಬಿಟ್ಟ ಕೈಯಲ್ಲೇ ಸಹಿ ಹಾಕುತ್ತಿದ್ದ.

"ಕರೆಕ್ಟಾಗಿ ಬರಿ. ಇದು ಎಂತ, ಹುಳ ಹರಿದ ಹಾಗೆ?"

"ಅಕ್ಕ, ಕೈ ನೋಯ್ತದೆ."

"ನೋಯ್ಲಿ."

ಆಮೇಲೆ ಇಬ್ಬರೂ ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದರು. ನಾನು ಮೈದಾನದಿಂದ ಫೋನು ಮಾಡಿ ಸ್ಕೋರು ಹೇಳುತ್ತಿದ್ದೆ. ಒಂದು ದಿನ ಅವನು ಸ್ಕೋರು ಕೇಳಿ ಸುಮ್ಮನಾಗಲಿಲ್ಲ. ಬಾಲು ಯಾವ ಕಡೆಯಿಂದ ಬಂತು, ಗೋಲ್‌ಕೀಪರ್ ಎಲ್ಲಿ ನಿಂತಿದ್ದ ಎಂದು ಕೇಳಿದ. ನನಗೆ ಉತ್ತರ ಗೊತ್ತಿತ್ತು, ಹೇಳಿದೆ. ಫೋನಿನ ಆ ಕಡೆ ಅವನು ಅದನ್ನು ಕಣ್ಣು ಮುಚ್ಚಿ ನೋಡುತ್ತಿದ್ದ ಅನ್ನಿಸಿತು.

ಬೈಗುಳ ನಿಂತಿಲ್ಲ. ನಿಲ್ಲಿಸಬೇಕೆಂದು ನನಗೂ ಇಲ್ಲ. ಒಂದೆರಡು ಸಲ ಕೈ ಮಿಲಾಯಿಸುವವರೆಗೂ ಹೋಗಿದೆ, ಸಾಲಿನ ಹಿರಿಯ ಹೆಸರು ಕೂಗಿದಾಗ ಇಳಿದಿದೆ. ಹೊಸ ಸೀಸನ್ನಿನಲ್ಲಿ ಭಾವಮೈದ ಹಳದಿಯ ಮೂರನೇ ಸಾಲಿನ ಹೆಸರು ಕೂಗುವವನು. ಆಟದ ಕಡೆಗೆ ಮುಖ ಮಾಡಿ ಕೂರುತ್ತಾನೆ.

ಈಗ ನನ್ನಲ್ಲಿ ಇರುವುದು ಇಷ್ಟು: ವೆಲ್ಡಿಂಗ್ ಮೆಷಿನು ಮೂರು. ಗ್ರೈಂಡರು ಐದು. ಪಿಕಪ್ಪು ಒಂದು. ಕೆಲಸಗಾರರು ಆರು. ಮೈದಾನದಲ್ಲಿ ಗೇಟು ಎಂಟು. ನೋಟ್‌ಬುಕ್ಕಿನಲ್ಲಿ ಸಹಿ ಹದಿನೆಂಟು. ಹೆಂಡತಿ ಒಬ್ಬಳು. ಭಾವಮೈದ ಒಬ್ಬ.